ಷಡ್ಡಕನ ಮನೆಯ ಮುಚ್ಚಳ

ಟನ್ನಣ್ಣನ ಮನೆಯ ಮುಂದೆ ಕಬ್ಬಿಣದ ಮುಚ್ಚಳ ಇರಲಿಲ್ಲ.

ಮನೆಯಿತ್ತು, ಹೆಂಡತಿಯಿದ್ದಳು, ಇಬ್ಬರು ಹೆಣ್ಣುಮಕ್ಕಳಿದ್ದರು, ಊರ ಹೊರಗಿನ ವೇಬ್ರಿಜ್ಜಿನಲ್ಲಿ ಲಾರಿ ತೂಗುವ ಕಾಯಂ ಕೆಲಸವಿತ್ತು, ಹಿತ್ತಲಲ್ಲಿ ಕೂತು ಚಹಾ ಕುಡಿಯಲು ಒಂದು ಅಗಲವಾದ ಕಲ್ಲುಚಪ್ಪಡಿಯೂ ಇತ್ತು. ಮುಚ್ಚಳ ಒಂದು ಇರಲಿಲ್ಲ. ಆ ಬೀದಿಯ ಮೂವತ್ತು ಮನೆಗಳಲ್ಲಿ ಇಪ್ಪತ್ತೊಂದರ ಮುಂದೆ ಇತ್ತು. ದುಂಡಗೆ, ಕಪ್ಪಗೆ, ಮೇಲೆ ಪುರಸಭೆಯ ಮುದ್ರೆ, ಮುದ್ರೆಯ ಕೆಳಗೆ ನಂಬರು. ಇಪ್ಪತ್ತೊಂದನೇ ನಂಬರಿನ ಮುಚ್ಚಳ ಇದ್ದದ್ದು ಅವನ ಬಾಗಿಲಿನಿಂದ ಎಂಟು ಹೆಜ್ಜೆ ಆಚೆ, ಷಡ್ಡಕನ ಮನೆಯ ಮುಂದೆ. ಉಳಿದ ಇಪ್ಪತ್ತು ಮುಚ್ಚಳಗಳ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ.

ಎರಡೂ ಮನೆಗಳು ಮೊದಲು ಒಂದೇ ಮನೆ. ಮಾವನವರು ಕಟ್ಟಿಸಿದ್ದು. ಇಬ್ಬರು ಹೆಣ್ಣುಮಕ್ಕಳ ಮದುವೆಯಾದ ಮೇಲೆ, ಬದುಕಿರುವಾಗಲೇ ತಕರಾರು ಮುಗಿಸಿಬಿಡೋಣ ಎಂದು ಅವರು ನಡುವೆ ಒಂದು ಗೋಡೆ ಎಬ್ಬಿಸಿದರು. ಗೋಡೆ ಪಡಸಾಲೆಯನ್ನು ಸೀಳಿತು, ಅಡುಗೆಮನೆಯನ್ನು ಸೀಳಿತು, ಹಿತ್ತಲಿಗೂ ಹೋಗಿ ಅದನ್ನೂ ಸೀಳಿ ಹಿಂದಿನ ಕಾಂಪೌಂಡಿಗೆ ಬಡಿದು ನಿಂತಿತು. ಬಲಗಡೆಯದು ಹಿರಿಯ ಮಗಳಿಗೆ, ಅಂದರೆ ಟನ್ನಣ್ಣನ ಹೆಂಡತಿಗೆ. ಎಡಗಡೆಯದು ಕಿರಿಯವಳಿಗೆ, ಅಂದರೆ ಅವನ ನಾದಿನಿಗೆ. ಮುಂದಿನ ವರ್ಷ ಮಾವನವರು ತೀರಿಕೊಂಡರು. ಅತ್ತೆ ಕಿರಿಯ ಮಗಳ ಪಾಲಿಗೆ ಹೋದರು. ಅದನ್ನು ಟನ್ನಣ್ಣ ಆಗ ಲಾಭವೆಂದೇ ಬಗೆದಿದ್ದ.

ಅವನಿಗೆ ಆ ಹೆಸರು ಬಿದ್ದದ್ದು ಕೆಲಸದಿಂದ. ಎಲ್ಲವನ್ನೂ ಟನ್ನಿನಲ್ಲೇ ಹೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ವೇಬ್ರಿಜ್ಜು ತೋರಿಸಲು ಕರೆದುಕೊಂಡು ಹೋಗಿ, ಲಾರಿ ನಿಲ್ಲುವ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ, ಸೊನ್ನೆ ದಶಾಂಶ ಸೊನ್ನೆ ಆರು ಟನ್ನು ಎಂದು ಓದಿ ಹೇಳಿದ್ದ. ಆಕೆ ಎರಡು ದಿನ ಮಾತು ಬಿಟ್ಟಿದ್ದಳು. ಆ ಯಂತ್ರ ಇಪ್ಪತ್ತು ಕೆಜಿಗಿಂತ ಕಡಿಮೆಯದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಟನ್ನಣ್ಣನೂ ಸಣ್ಣಪುಟ್ಟದ್ದನ್ನು ಗಮನಿಸುವ ಮನುಷ್ಯನಲ್ಲ.

ಹನ್ನೆರಡು ವರ್ಷ ಅವನು ಆ ಬೀದಿಯಲ್ಲಿ ತಲೆಯೆತ್ತಿ ನಡೆದದ್ದಕ್ಕೆ ಕಾರಣ ಒಂದೇ: ಅವನ ಮನೆಯ ಗುಂಡಿ ತುಂಬುತ್ತಿರಲಿಲ್ಲ. ಒಳಚರಂಡಿ ಇಲ್ಲದ ಕಾಲ. ಪ್ರತಿ ಮನೆಗೂ ಹಿತ್ತಲಲ್ಲಿ ಒಂದೊಂದು ಕಕ್ಕಸು ಗುಂಡಿ. ಬೇರೆಯವರದು ವರ್ಷಕ್ಕೊಮ್ಮೆ ತುಂಬುತ್ತಿತ್ತು. ಷಡ್ಡಕನದು ನಾಲ್ಕೇ ತಿಂಗಳಿಗೆ ತುಂಬಿ ಬರುತ್ತಿತ್ತು. ಆಗ ಗುಂಡಿ ಬಳಿಯುವ ಟ್ಯಾಂಕರ್ ಲಾರಿ ಬರಬೇಕು, ಹಿತ್ತಲಿನ ತನಕ ಪೈಪು ಎಳೆಯಬೇಕು, ಬೀದಿಯವರೆಲ್ಲ ಕಿಟಕಿ ಹಾಕಿಕೊಳ್ಳಬೇಕು. ಟನ್ನಣ್ಣನ ಹಿತ್ತಲಿಗೆ ಲಾರಿ ಬಂದದ್ದೇ ಇಲ್ಲ. ಗುಂಡಿಯ ಮೇಲಿನ ಕಲ್ಲುಚಪ್ಪಡಿಯನ್ನು ಎತ್ತಿ ನೋಡುವ ಪ್ರಮೇಯವೇ ಬರಲಿಲ್ಲ. ಅವನು ಅದರ ಮೇಲೆ ಹೂವಿನ ಕುಂಡ ಇಟ್ಟು, ಸಂಜೆ ಹೊತ್ತು ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ.

ಗುಟ್ಟೇನು ಎಂದು ಜನ ಕೇಳುತ್ತಿದ್ದರು. ಅವನು ಬಚ್ಚಿಡುತ್ತಿರಲಿಲ್ಲ. ತುತ್ತನ್ನು ಮೂವತ್ತು ಸಲ ಅಗಿಯಬೇಕು, ನೀರನ್ನು ಎರಡು ಚೊಂಬಿಗಿಂತ ಹೆಚ್ಚು ಸುರಿಯಬಾರದು, ಸಂಸಾರದಲ್ಲಿ ಒಂದು ಶಿಸ್ತು ಇರಬೇಕು ಎನ್ನುತ್ತಿದ್ದ. ಎದುರು ಮನೆಯ ನಿವೃತ್ತ ಮೇಷ್ಟ್ರು ಒಂದು ವಾರ ಮೂವತ್ತು ಸಲ ಅಗಿದು ನೋಡಿದರು. ದವಡೆ ಊದಿಕೊಂಡಿತು, ಗುಂಡಿ ಯಥಾಪ್ರಕಾರ ತುಂಬಿತು.

ಇದಕ್ಕಿಂತ ದೊಡ್ಡ ಸುಖ ಇನ್ನೊಂದಿತ್ತು. ಊರಿನ ನಿಯಮದಂತೆ ಗುಂಡಿ ಬಳಿದ ಲಾರಿ ಊರು ದಾಟುವ ಮೊದಲು ವೇಬ್ರಿಜ್ಜು ಹತ್ತಿ ತೂಕದ ಚೀಟಿ ಪಡೆಯಬೇಕಿತ್ತು. ಹಾಗಾಗಿ ಷಡ್ಡಕನ ಮನೆಯಿಂದ ಹೊರಟದ್ದು ಅರ್ಧ ಗಂಟೆಯಲ್ಲಿ ಟನ್ನಣ್ಣನ ಮುಂದೆ ಬಂದು ನಿಲ್ಲುತ್ತಿತ್ತು. ಅವನು ಗಂಭೀರವಾಗಿ ತೂಗಿ, ಚೀಟಿ ಹರಿದು, ಸಹಿ ಮಾಡಿ, ನಕಲನ್ನು ಜೇಬಿಗಿಳಿಸುತ್ತಿದ್ದ. ಆಮೇಲೆ ಎರಡೂ ಮನೆಯವರು ಒಟ್ಟಿಗೆ ಊಟಕ್ಕೆ ಕೂತಾಗ ಎದ್ದು ನಿಲ್ಲದೆ, ದನಿ ಏರಿಸದೆ, ಮಾತಿನ ನಡುವೆ ಹೇಳುತ್ತಿದ್ದ: "ಈ ಸಲ ಮೂರು ಟನ್ನು ಇನ್ನೂರ ನಲವತ್ತು. ಹೋದ ಸಲಕ್ಕಿಂತ ಅರವತ್ತು ಕೆಜಿ ಜಾಸ್ತಿ."

ನಾದಿನಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಷಡ್ಡಕ ಕನ್ನಡಕದ ಅಂಗಡಿ ಇಟ್ಟವನು, ಮೃದು ಮನುಷ್ಯ. ತನ್ನ ಕನ್ನಡಕವನ್ನು ತೆಗೆದು ಒರೆಸಿ, ತಪ್ಪೊಪ್ಪಿಕೊಂಡವನ ಹಾಗೆ ನಗುತ್ತಿದ್ದ. ಅತ್ತೆ ಮಾತ್ರ ಹಿರಿಯಳಿಯನ ಮುಖವನ್ನೇ ನೋಡುತ್ತ ನಿಧಾನವಾಗಿ ಅಗಿಯುತ್ತಿದ್ದರು. ಅವರ ಕಣ್ಣಲ್ಲಿರುವುದು ಮೆಚ್ಚುಗೆಯೆಂದು ಟನ್ನಣ್ಣ ತಿಳಿದಿದ್ದ.

ಇಂಥ ಸಂಸಾರಕ್ಕೆ ಒಳಚರಂಡಿ ಬಂತು.

ಬೀದಿಯನ್ನು ಉದ್ದಕ್ಕೂ ಸೀಳಿ ದೊಡ್ಡ ಪೈಪು ಹೂತರು. ಪುರಸಭೆಯವರು ಮನೆಮನೆಗೆ ನೋಟೀಸು ಹಂಚಿದರು. ಬೇಕಾದವರು ಅರ್ಜಿ ಹಾಕಬಹುದು, ಕೆಲಸವನ್ನು ಲೈಸೆನ್ಸ್ ಇರುವ ಪ್ಲಂಬರೇ ಮಾಡಬೇಕು, ಈ ಹಂತದಲ್ಲಿ ಇಪ್ಪತ್ತೊಂದು ಮನೆಗೆ ಮಾತ್ರ, ಉಳಿದವರಿಗೆ ಮುಂದೆ ಯಾವಾಗಲಾದರೂ. ಬೀದಿಯವರು ಕಚೇರಿಗೆ ಓಡಿದರು. ಟನ್ನಣ್ಣ ಚಪ್ಪಡಿಯ ಮೇಲೆ ಕೂತು ಮೂಗು ಮುರಿದ. ತುಂಬುವ ಗುಂಡಿ ಇರುವವರಿಗೆ ಚರಂಡಿ ಬೇಕು, ತನಗೇಕೆ ಎಂದು ಬಂದವರಿಗೆಲ್ಲ ಕೇಳಿದ. ಆ ನೋಟೀಸಿನಲ್ಲಿ ಹೆಂಡತಿ ಸಾಸಿವೆ ಡಬ್ಬಿಗೆ ತಳಹಾಸು ಹಾಕಿದಳು.

ಇಪ್ಪತ್ತೊಂದನೆಯ ಅರ್ಜಿ ಷಡ್ಡಕನದು. ಪ್ಲಂಬರು ಬಂದು ಎರಡು ದಿನ ಅಗೆದ, ಹಳೆಯ ಗುಂಡಿಗೆ ಹೋಗುತ್ತಿದ್ದ ದಾರಿ ಮುಚ್ಚಿದ, ಪೈಪನ್ನು ರಸ್ತೆಗೆ ತಿರುಗಿಸಿದ, ಬಾಗಿಲ ಮುಂದೆ ಇಟ್ಟಿಗೆಯ ಛೇಂಬರು ಕಟ್ಟಿ ಅದರ ಮೇಲೆ ಮುಚ್ಚಳ ಕೂರಿಸಿದ. ಅಲ್ಲಿಂದ ಶುರುವಾಯಿತು.

ಮೊದಲ ದಿನ ಟನ್ನಣ್ಣ ಅದನ್ನು ನೋಡಲೇ ಇಲ್ಲ ಎಂಬಂತೆ ದಾಟಿಹೋದ. ಎರಡನೇ ದಿನ ಅದರ ಮೇಲೆ ಕಾಲಿಟ್ಟು ದಾಟಿದ, ಅಲ್ಲಾಡಲಿಲ್ಲ. ಮೂರನೇ ದಿನ ಮೇಲೆ ನಿಂತು ಸ್ವಲ್ಪ ಕುಣಿದಂತೆ ಮಾಡಿದ, ಸದ್ದೂ ಬರಲಿಲ್ಲ. ಇಂಥ ಬಿಗಿಯಾದ ಮುಚ್ಚಳವನ್ನು ಅವನು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಮನೆಗೆ ಬಂದು, ಕನಿಷ್ಠ ಐವತ್ತು ಕೆಜಿ ಇರಬಹುದು ಎಂದ. ಯಾವುದು ಎಂದು ಹೆಂಡತಿ ಕೇಳಲಿಲ್ಲ.

ನಾದಿನಿ ಈಗ ದಿನಾ ಬೆಳಗ್ಗೆ ಮುಚ್ಚಳಕ್ಕೆ ನೀರು ಹಾಕಿ ಒರೆಸುತ್ತಿದ್ದಳು. ಹಳೆಯ ಕಕ್ಕಸನ್ನು ಒಡೆಸಿ ಬಿಳಿ ಟೈಲ್ಸು ಹಾಕಿಸಿದಳು, ಬಟನ್ ಒತ್ತಿದರೆ ನೀರು ಬರುವ ತೊಟ್ಟಿ ಇಡಿಸಿದಳು. ಟನ್ನಣ್ಣನ ಹೆಣ್ಣುಮಕ್ಕಳು ಪಾಠ ಹೇಳಿಸಿಕೊಳ್ಳುವ ನೆಪದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ಬರತೊಡಗಿದರು. ಯಾವ ಪಾಠ ಎಂದು ಅವನಿಗೆ ಗೊತ್ತಿತ್ತು. ಗೋಡೆಯ ಆಚೆಯಿಂದ ನೀರಿನ ಸದ್ದು ಕೇಳುತ್ತಿತ್ತು. ಮೇಷ್ಟ್ರು ಈಗ ಗುಟ್ಟು ಕೇಳಲು ಷಡ್ಡಕನ ಹತ್ತಿರ ಹೋಗುತ್ತಿದ್ದರು. ಷಡ್ಡಕನ ಆಚೆ ಮನೆಯ ಟೈಲರಮ್ಮ ಬಟ್ಟೆ ಕೊಡಲು ಬಂದವರಿಗೆ ದಾರಿ ಹೇಳುವಾಗ, ಇಪ್ಪತ್ತೊಂದನೇ ಮುಚ್ಚಳದ ಪಕ್ಕದ ಮನೆ ಎನ್ನುತ್ತಿದ್ದಳು. ಆ ಮುಚ್ಚಳದ ಇನ್ನೊಂದು ಪಕ್ಕದಲ್ಲೂ ಒಂದು ಮನೆಯಿತ್ತು. ಅದನ್ನು ಯಾರೂ ಹೇಳುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಊಟಕ್ಕೆ ಕೂತಾಗ. ಲಾರಿ ಬರುತ್ತಿರಲಿಲ್ಲ, ಚೀಟಿ ಇರಲಿಲ್ಲ, ಹೇಳಲು ಅವನಲ್ಲಿ ಅಂಕಿಯೇ ಇರಲಿಲ್ಲ. ನಾದಿನಿ ಎರಡನೇ ಸಲ ಬಡಿಸುತ್ತ ಕೇಳಿದಳು, "ಯಾಕೆ ಭಾವ, ಈ ಸಲ ಏನೂ ತೂಕ ಇಲ್ವಾ?"

ಮಾರನೆಯ ದಿನ ಅವನು ಪುರಸಭೆಯ ಕಚೇರಿಗೆ ಹೋದ.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ತಲೆ ಎತ್ತದೆ, ಇಪ್ಪತ್ತೊಂದೂ ಮುಗಿದಿದೆ ಎಂದ. ಟನ್ನಣ್ಣ ತಾನು ಆ ಮನೆತನದ ಹಿರಿಯಳಿಯನೆಂದೂ, ಕಿರಿಯಳಿಯನಿಗೆ ಸಿಕ್ಕಿದ್ದು ತನಗೆ ಸಿಗದಿರುವುದು ಆಡಳಿತಕ್ಕೆ ಶೋಭೆಯಲ್ಲವೆಂದೂ ವಿವರಿಸಿದ. ಗುಮಾಸ್ತನಿಗೆ ಅಳಿಯಂದಿರ ವಿಷಯದಲ್ಲಿ ಆಸಕ್ತಿ ಇರಲಿಲ್ಲ. ಆದರೆ ಕೊನೆಗೆ ಒಂದು ಮಾತು ಹೇಳಿದ: ಯಾರದಾದರೂ ಸಂಪರ್ಕ ನಿಯಮ ಮೀರಿದೆ ಎಂದು ರದ್ದಾದರೆ ಅದನ್ನು ಕಾಯುವ ಪಟ್ಟಿಯ ಮೊದಲನೆಯವರಿಗೆ ಕೊಡುತ್ತಾರೆ.

ಪಟ್ಟಿಯಲ್ಲಿ ಮೊದಲನೆಯವರು ಯಾರು ಎಂದು ಟನ್ನಣ್ಣ ಕೇಳಿದ.

"ಯಾರೂ ಇಲ್ಲ. ನಿಮ್ಮನ್ನು ಬರೆಯಲಾ?"

ಬರೆಸಿದ. ಹೊರಡುವಾಗ ನಿಯಮ ಪುಸ್ತಕವನ್ನೂ ಕೇಳಿ ತಂದ. ಮನೆಗಳ ಕೊಳಾಯಿ ಕೆಲಸ ಮತ್ತು ಒಳಚರಂಡಿ ಸಂಪರ್ಕದ ಬಗ್ಗೆ ಅರವತ್ತನಾಲ್ಕು ಪುಟ, ನಲವತ್ತು ನಿಯಮ. ವೇಬ್ರಿಜ್ಜಿನ ಕೋಣೆಯಲ್ಲಿ ಪೆನ್ಸಿಲ್ಲು ಹಿಡಿದು ಓದಲು ಕೂತ. ಪೈಪಿನ ಇಳಿಜಾರು ಎಷ್ಟಿರಬೇಕು, ಗಾಳಿ ಕೊಳವೆ ಎಷ್ಟು ಎತ್ತರ ಇರಬೇಕು, ಪ್ಲಂಬರು ಲೈಸೆನ್ಸನ್ನು ಯಾವಾಗ ತೋರಿಸಬೇಕು. ಎಲ್ಲದರಲ್ಲೂ ಷಡ್ಡಕ ಪಾಸಾಗಿದ್ದ. ಒಂಬತ್ತನೇ ನಿಯಮಕ್ಕೆ ಬಂದಾಗ ಟನ್ನಣ್ಣನ ಪೆನ್ಸಿಲ್ಲು ನಿಂತಿತು. ಒಂದು ಸಂಪರ್ಕ ಒಂದು ಸಂಸಾರಕ್ಕೆ ಮಾತ್ರ. ಬೇರೊಂದು ಸಂಸಾರದ ಹೊಲಸು ನೀರು ಅದರೊಳಗೆ ಬರುತ್ತಿರುವುದು ಕಂಡುಬಂದರೆ ಕೂಡಲೇ ಮುಚ್ಚತಕ್ಕದ್ದು.

ಅವನು ಪುಸ್ತಕವನ್ನು ಮಡಚಿಟ್ಟ. ಮುಂದಿನ ಮೂವತ್ತೊಂದು ನಿಯಮಗಳನ್ನು ಓದುವ ಅಗತ್ಯ ಅವನಿಗೆ ಕಾಣಲಿಲ್ಲ.

ನಾಲ್ಕು ಜನರ ಮನೆಯಿಂದ ನಾಲ್ಕು ತಿಂಗಳಿಗೆ ಮೂರು ಟನ್ನು ಹೇಗೆ ಬರುತ್ತದೆ? ಹನ್ನೆರಡು ವರ್ಷದಿಂದ ಬಾಯಲ್ಲಿ ಆಡುತ್ತಿದ್ದ ಅಂಕಿ ಈಗ ತಲೆಗೆ ಹೋಯಿತು. ತನ್ನ ಮನೆಯಲ್ಲೂ ನಾಲ್ಕೇ ಜನ, ತನ್ನದು ಸೊನ್ನೆ. ಅಂದರೆ ಷಡ್ಡಕನ ಮನೆಯಲ್ಲಿ ಇನ್ಯಾರೋ ಇದ್ದಾರೆ. ಗುಟ್ಟಾಗಿ ಬಾಡಿಗೆಗೆ ಇಟ್ಟಿದ್ದಾನೆ. ಮೃದುವಾಗಿ ನಗುವವರು ಇಂಥದ್ದಕ್ಕೆ ಹೇಸುವುದಿಲ್ಲ. ಎರಡು ದಿನ ಟನ್ನಣ್ಣ ಗೋಡೆಗೆ ಕಿವಿಯಿಟ್ಟು ತಲೆ ಎಣಿಸಿದ. ನಾಲ್ಕೇ ದನಿ ಕೇಳಿದವು. ಉಳಿದವರನ್ನು ಮಾತಾಡಬೇಡಿ ಎಂದು ಹೇಳಿಟ್ಟಿದ್ದಾರೆ ಎಂದು ತೀರ್ಮಾನಿಸಿದ.

ದೂರನ್ನು ಮೂರು ಪುಟ ಬರೆದ. ಅದರ ತಿರುಳು ಹೀಗಿತ್ತು: ಸದರಿ ಮನೆಯಲ್ಲಿ ಗಂಡ, ಹೆಂಡತಿ, ಒಬ್ಬ ಮಗ ಹಾಗೂ ಒಬ್ಬ ವೃದ್ಧೆ ವಾಸವಿದ್ದು, ವೃದ್ಧೆಯವರು ಮಿತಾಹಾರಿ ಎಂಬುದು ನನಗೆ ಖುದ್ದು ತಿಳಿದಿರುತ್ತದೆ. ಆದಾಗ್ಯೂ ಕಳೆದ ಹನ್ನೆರಡು ವರ್ಷಗಳಲ್ಲಿ ಸದರಿಯವರ ಗುಂಡಿಯಿಂದ ನೂರಾ ಹದಿನೈದು ಟನ್ನು ಹೊರಬಿದ್ದಿರುತ್ತದೆ. ಮೂವತ್ತಾರು ತೂಕದ ಚೀಟಿ ಲಗತ್ತಿಸಿದೆ. ಅಷ್ಟೇ ಜನರಿರುವ ಪಕ್ಕದ ಶಿಸ್ತಿನ ಸಂಸಾರದ ಉತ್ಪತ್ತಿ ಸೊನ್ನೆ ಇರುತ್ತದೆ. ಆದ್ದರಿಂದ ಇಪ್ಪತ್ತೊಂದನೇ ಸಂಪರ್ಕದಲ್ಲಿ ಇನ್ನೊಂದು ಸಂಸಾರದ್ದು ಕಳ್ಳತನದಿಂದ ಹರಿಯುತ್ತಿರುವುದು ಖಚಿತ. ಒಂಬತ್ತನೇ ನಿಯಮದಂತೆ ಯಾವ ಮುಲಾಜೂ ಇಲ್ಲದೆ ಮುಚ್ಚತಕ್ಕದ್ದು.

ಕೆಳಗೆ ಹೆಸರು ಹಾಕಲಿಲ್ಲ. ಒಬ್ಬ ಪ್ರಜ್ಞಾವಂತ ನಾಗರಿಕ ಎಂದಷ್ಟೇ ಬರೆದ. ಆ ಮೂವತ್ತಾರು ಚೀಟಿಗಳಲ್ಲೂ ತೂಗಿದವರು ಎಂಬಲ್ಲಿ ಅವನ ದುಂಡನೆಯ ಸಹಿ ಇತ್ತು. ಅದು ಇಪ್ಪತ್ತು ಕೆಜಿಗಿಂತ ಕಡಿಮೆಯ ವಿಷಯ.

ಕಚೇರಿಯಲ್ಲಿ ದೂರು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಎಲ್ಲರನ್ನೂ ನಗಿಸಿ, ಕೊನೆಗೆ ಎಂಜಿನಿಯರಮ್ಮನ ಮುಂದೆ ಬಂತು. ಆಕೆ ನಗುವವರಲ್ಲ. ಟನ್ನಿನ ಲೆಕ್ಕ ಸಮೇತ ಬಂದ ದೂರನ್ನು ತಳ್ಳಿಹಾಕುವಂತಿಲ್ಲ ಎಂದು ಷಡ್ಡಕನಿಗೆ ತನಿಖೆಯ ನೋಟೀಸು ಕಳಿಸಿದರು.

ನೋಟೀಸು ಹಿಡಿದು ಷಡ್ಡಕ ನೇರವಾಗಿ ಬಂದದ್ದು ಟನ್ನಣ್ಣನ ಮನೆಗೆ. ಮುಖ ಬಿಳಿಚಿಕೊಂಡಿತ್ತು. ಯಾರೋ ಹೊಟ್ಟೆಕಿಚ್ಚಿಗೆ ಬರೆದಿದ್ದಾರೆ, ಯಾರಿಗೆ ಏನು ಅನ್ಯಾಯ ಮಾಡಿದೆನೋ ಗೊತ್ತಿಲ್ಲ ಎಂದ. ಟೈಲರಮ್ಮನೇ ಇರಬೇಕು ಎಂದು ಹೆಂಡತಿಗೆ ಅನುಮಾನವಂತೆ.

"ಅಣ್ಣ, ನಿಮಗೆ ಕಾಗದ ಪತ್ರ ಗೊತ್ತು. ಅವರು ಬಂದ ದಿನ ಮನೆ ಹಿರಿಯರಾಗಿ ನೀವು ನನ್ನ ಪಕ್ಕದಲ್ಲಿ ನಿಂತ್ಕೋಬೇಕು."

ಟನ್ನಣ್ಣ ಚಪ್ಪಡಿಯ ಮೇಲೆ ಕಾಲು ಬದಲಿಸಿ ಕೂತು, ಸತ್ಯವಂತರು ಹೆದರಬಾರದು ಎಂದು ಧೈರ್ಯ ಹೇಳಿದ. ನಿಲ್ಲುತ್ತೇನೆ ಎಂದ. ಆ ದಿನಕ್ಕೆ ರಜೆ ಬರೆದ. ಅಂಗಿ ಇಸ್ತ್ರಿ ಮಾಡಿಸಿದ. ಮುಚ್ಚಳ ಎಲ್ಲಿ ಕೂರಿಸಬೇಕೆಂದು ತನ್ನ ಬಾಗಿಲ ಮುಂದೆ ಸುಣ್ಣದಲ್ಲಿ ಒಂದು ಸುತ್ತು ಎಳೆದಿಟ್ಟ. ಏನದು ಎಂದು ಕೇಳಿದ ಹೆಂಡತಿಗೆ, ನೋಡ್ತಾ ಇರು ಎಂದ.

ಎಂಜಿನಿಯರಮ್ಮ ಬೆಳಗ್ಗೆ ಹತ್ತಕ್ಕೆ ಬಂದರು. ಜೊತೆಗೆ ಅದೇ ಪ್ಲಂಬರು, ಅವನ ಕೈಯಲ್ಲಿ ಮೂರು ಡಬ್ಬ ಬಣ್ಣದ ಪುಡಿ. ಬೀದಿ ನೆರೆಯಿತು. ಮೇಷ್ಟ್ರು ಮನೆಯಿಂದ ಕುರ್ಚಿ ತರಿಸಿಕೊಂಡು ಮುಚ್ಚಳದ ಪಕ್ಕದಲ್ಲೇ ಹಾಕಿಸಿದರು. ಅತ್ತೆ ಹೊಸ್ತಿಲ ಮೇಲೆ ಕೂತರು. ಷಡ್ಡಕನ ಹೆಗಲ ಮೇಲೆ ಕೈಯಿಟ್ಟು ಟನ್ನಣ್ಣ ನಿಂತ.

ಪ್ಲಂಬರು ಕೊಕ್ಕೆ ಹಾಕಿ ಮುಚ್ಚಳ ಎತ್ತಿದ. ಅದರ ತೂಕಕ್ಕೆ ಅವನ ಕತ್ತಿನ ನರ ಉಬ್ಬಿದ್ದನ್ನು ಟನ್ನಣ್ಣ ಆಸೆಯಿಂದ ನೋಡಿದ. ಎಂಜಿನಿಯರಮ್ಮ ಪರೀಕ್ಷೆಯ ಕ್ರಮ ವಿವರಿಸಿದರು. ಒಂದೊಂದು ಮನೆಯ ಕಕ್ಕಸಿಗೆ ಒಂದೊಂದು ಬಣ್ಣದ ನೀರು ಸುರಿಯುವುದು, ಯಾವ ಬಣ್ಣ ಈ ಛೇಂಬರಿಗೆ ಬರುತ್ತದೋ ಆ ಮನೆಯದು ಇಲ್ಲಿಗೆ ಸೇರಿದೆ ಎಂದು ಅರ್ಥ. ಕೇಳಿದ ಮೇಷ್ಟ್ರು, ಇಷ್ಟು ಸರಳವಾಗಿ ತಾವು ಮೂವತ್ತು ವರ್ಷದಲ್ಲಿ ಏನನ್ನೂ ಹೇಳಿಕೊಟ್ಟಿರಲಿಲ್ಲ ಎಂದರು.

ನಾದಿನಿ ಒಳಗೆ ಕೆಂಪು ಸುರಿದಳು. ಕೆಂಪು ಬಂತು. ಮನೆಯೊಳಗೆ ಬೇರೆ ಯಾರೂ ಇಲ್ಲವೆಂದು ಎಂಜಿನಿಯರಮ್ಮ ಕೋಣೆ ಕೋಣೆ ನೋಡಿ ಬಂದರು. ಟನ್ನಣ್ಣ ಅವರ ಹಿಂದೆಯೇ ಹೋಗಿ ಮಂಚದ ಕೆಳಗೂ ಬಗ್ಗಿ ನೋಡಿ ಬಂದ. ಆಮೇಲೆ ಟೈಲರಮ್ಮನ ಮನೆಯಲ್ಲಿ ಹಸಿರು ಸುರಿದರು. ಎಲ್ಲರೂ ಹತ್ತು ನಿಮಿಷ ಛೇಂಬರನ್ನು ನೋಡುತ್ತ ನಿಂತರು. ಹಸಿರು ಬರಲಿಲ್ಲ. ತನ್ನನ್ನು ಅನುಮಾನಿಸಿದ್ದಕ್ಕೆ ಟೈಲರಮ್ಮ ನಾದಿನಿಯ ಕಡೆ ಒಂದು ನೋಟ ಎಸೆದಳು. ಹೊಲಿಯಲು ಕೊಟ್ಟ ಬಟ್ಟೆ ಈ ತಿಂಗಳು ಸಿಗುವುದಿಲ್ಲ ಎಂದು ಅದರ ಅರ್ಥ.

ಇನ್ನು ಉಳಿದದ್ದು ಈ ಪಕ್ಕದ ಮನೆ ಎಂದು ಎಂಜಿನಿಯರಮ್ಮ ಹೇಳಿದರು.

"ಧಾರಾಳವಾಗಿ ಸುರೀರಿ ಮೇಡಂ," ಎಂದ ಟನ್ನಣ್ಣ. "ನಮ್ಮದು ಸ್ವಂತ ಗುಂಡಿ. ಹನ್ನೆರಡು ವರ್ಷದಿಂದ ತುಂಬಿಲ್ಲ."

"ಒಂದು ಸಲಾನೂ ಇಲ್ವಾ?"

"ಒಂದು ಸಲಾನೂ ಇಲ್ಲ."

ಎಂಜಿನಿಯರಮ್ಮ ಅವನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪ್ಲಂಬರನ್ನು ನೋಡಿದರು. ಪ್ಲಂಬರು ನೀಲಿ ಡಬ್ಬವನ್ನು ಟನ್ನಣ್ಣನ ಹೆಂಡತಿಯ ಕೈಗೆ ಕೊಟ್ಟ.

ಆಕೆ ಒಳಗೆ ಹೋದಳು. ಬಕೆಟ್ಟಿನ ಸದ್ದಾಯಿತು. ಟನ್ನಣ್ಣ ಮೇಷ್ಟ್ರಿಗೆ ಮೂವತ್ತು ಸಲ ಅಗಿಯುವ ವಿಷಯವನ್ನು ಮತ್ತೆ ಶುರುಮಾಡಿದ್ದ. ಮೇಷ್ಟ್ರು ಕೇಳುತ್ತಿರಲಿಲ್ಲ, ಛೇಂಬರಿನೊಳಗೆ ಬಗ್ಗಿದ್ದರು. ಬಗ್ಗಿದವರು ಕನ್ನಡಕ ಸರಿಮಾಡಿಕೊಂಡು ಷಡ್ಡಕನನ್ನು ಕೇಳಿದರು, "ಏನಪ್ಪಾ, ಈ ಕನ್ನಡಕದಲ್ಲಿ ನೀಲಿ ಕಾಣೋದು ನಿಜವಾಗ್ಲೂ ನೀಲೀನಾ?"

ನೀಲಿಯೇ. ಗೋಡೆಯ ಕಡೆಯ ಪೈಪಿನಿಂದ, ಶಾಯಿಯಂಥ ನೀಲಿ, ಯಾವ ಸಂಕೋಚವೂ ಇಲ್ಲದೆ ಬಂದು ಛೇಂಬರು ತುಂಬ ಹರಡಿತು.

ಟನ್ನಣ್ಣ ಒಪ್ಪಲಿಲ್ಲ. ಕೆಂಪಿಗೆ ಹಸಿರು ಸೇರಿ ನೀಲಿಯಾಗಿರಬೇಕು ಎಂದ. ಇನ್ನೊಂದು ಸಲ ಸುರಿಯಲು ಹೆಂಡತಿಗೆ ಕೂಗಿ ಹೇಳಿದ. ಇನ್ನೊಂದು ಸಲ ನೀಲಿ ಬಂತು. ಬಕೆಟ್ಟು ಸರಿಯಿಲ್ಲ, ಚೊಂಬಿನಲ್ಲಿ ಸುರಿ ಎಂದ. ಚೊಂಬಿಗೆ ತಕ್ಕಷ್ಟು ನೀಲಿ ಬಂತು. ನಾಲ್ಕನೇ ಸಲಕ್ಕೆ ಆಕೆಯೇ ಹೊರಗೆ ಬಂದಳು, ಮೊಣಕೈವರೆಗೆ ನೀಲಿಯಾಗಿದ್ದಳು.

"ಡಬ್ಬ ಖಾಲಿಯಾಯ್ತು ಕಣ್ರೀ," ಎಂದಳು.

ಹಾಗಾದರೆ ಗುಂಡಿಯನ್ನೇ ತೆಗೆದು ನೋಡಿ ಎಂದು ಟನ್ನಣ್ಣ ಪಟ್ಟು ಹಿಡಿದ. ಜನ ಎಲ್ಲ ಹಿತ್ತಲಿಗೆ ನಡೆದರು. ಹೂವಿನ ಕುಂಡಗಳನ್ನು ಅವನೇ ಎತ್ತಿಟ್ಟ. ಪ್ಲಂಬರು ಹಾರೆ ಹಾಕಿ ಚಪ್ಪಡಿ ಸರಿಸಿದ. ಬೀದಿಯವರು ಅಭ್ಯಾಸದಂತೆ ಮೂಗು ಮುಚ್ಚಿಕೊಂಡರು. ಮುಚ್ಚಿಕೊಳ್ಳಬೇಕಿರಲಿಲ್ಲ. ಒಳಗೆ ನಯವಾಗಿ ಗಾರೆ ಮೆತ್ತಿದ, ಒಣಗಿದ, ಗುಡಿಸಿಟ್ಟಂತಿದ್ದ ನಾಲ್ಕು ಗೋಡೆ. ಮೂಲೆಯಲ್ಲಿ ಗಾರೆಯವನು ಬಿಟ್ಟುಹೋದ ಕರಣೆ. ಒಂದು ಹಲ್ಲಿ ತಲೆಯೆತ್ತಿ, ಹನ್ನೆರಡು ವರ್ಷದ ಮೇಲೆ ಬಂದ ಬೆಳಕನ್ನು ನೋಡಿ ಬೇಸರದಿಂದ ಸರಿದುಹೋಯಿತು. ಗೋಡೆಯಲ್ಲಿ ಪೈಪಿಗೆಂದು ಒಂದು ತೂತು ಕೊರೆದಿತ್ತು. ಪೈಪು ಇರಲಿಲ್ಲ.

ಟೈಲರಮ್ಮ, ಇದು ತನ್ನ ಅಡುಗೆಮನೆಗಿಂತ ಚೊಕ್ಕಟವಾಗಿದೆ ಎಂದಳು.

ಆಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಗೋಡೆ ಕಟ್ಟಿದ ವರ್ಷ ಯಜಮಾನರು ಈ ಕಡೆಗೂ ಒಂದು ಗುಂಡಿ ತೋಡಿಸಿದ್ದರು, ಪೈಪು ಕೂಡಿಸುವ ಮುಂಚೆ ಗಾರೆಯವನು ಜಗಳವಾಡಿ ಹೋದ, ಅಷ್ಟರಲ್ಲಿ ಯಜಮಾನರೂ ಹೋದರು. ಈ ಮನೆಯದು ಮೊದಲಿಂದಲೂ ಗೋಡೆ ಕೆಳಗೆ ಹಾದು ಆ ಮನೆಯ ಗುಂಡಿಗೇ ಹೋಗುತ್ತಿತ್ತು. ಇಷ್ಟನ್ನು ಅವರು ತರಕಾರಿ ಸಿಕ್ಕಲಿಲ್ಲ ಎನ್ನುವ ದನಿಯಲ್ಲಿ ಹೇಳಿದರು.

"ಅತ್ತೆ, ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದ ಟನ್ನಣ್ಣ.

"ಯಾರೂ ಕೇಳಲಿಲ್ವಲ್ಲ. ಹೇಳಿದ್ರೆ ಲಾರಿ ಯಾರು ಕರೆಸಬೇಕು ಅಂತ ಅಕ್ಕತಂಗಿ ಕಿತ್ತಾಡ್ಕೊಳ್ಳೋರು. ನೀವೂ ತುಂಬಿಲ್ಲ ತುಂಬಿಲ್ಲ ಅಂತ ಅಷ್ಟು ಸಂತೋಷವಾಗಿದ್ರಿ. ನಾನ್ಯಾಕೆ ಅಡ್ಡ ಬರಲಿ ಅಂತ ಸುಮ್ನಿದ್ದೆ."

ಹನ್ನೆರಡು ವರ್ಷ ಅತ್ತೆಯ ಕಣ್ಣಲ್ಲಿ ಕಂಡದ್ದು ಮೆಚ್ಚುಗೆಯಲ್ಲ ಎಂದು ಟನ್ನಣ್ಣನಿಗೆ ಹೊಳೆಯುವಷ್ಟರಲ್ಲಿ ಮೇಷ್ಟ್ರು ಲೆಕ್ಕ ಮುಗಿಸಿದ್ದರು. ಅವರು ಗಣಿತದ ಮೇಷ್ಟ್ರು. ಟನ್ನಣ್ಣ ಬೀದಿಗೆಲ್ಲ ಹೇಳಿಕೊಂಡು ಬಂದಂತೆ ಸಲಕ್ಕೆ ಮೂರು ಟನ್ನು ಇನ್ನೂರು, ಮೂವತ್ತಾರು ಲಾರಿ; ಎಂಟು ಜನ, ನೂರಾ ಹದಿನೈದು ಟನ್ನು. ನಾಲ್ಕು ಜನಕ್ಕೆ ಐವತ್ತೇಳೂವರೆ. ಅಷ್ಟು ಟನ್ನು ನಿಮ್ಮದೇ ಟನ್ನಣ್ಣ, ಊಟದ ಹೊತ್ತಲ್ಲಿ ನೀವು ಹೇಳುತ್ತಿದ್ದದ್ದು ನಿಮ್ಮ ಲೆಕ್ಕವೇ ಎಂದರು.

ಪ್ಲಂಬರು ಎಂಜಿನಿಯರಮ್ಮನಿಗೆ ಸಮಜಾಯಿಷಿ ಕೊಟ್ಟ. ಗೋಡೆ ಕಡೆಯಿಂದ ಒಂದು ಪೈಪು ಬರುವುದನ್ನು ತಾನು ನೋಡಿದ್ದೆ, ಬಟ್ಟೆ ಒಗೆಯುವ ಕಲ್ಲಿನದ್ದಿರಬೇಕು ಎಂದುಕೊಂಡೆ, ಎಲ್ಲವನ್ನೂ ಸೇರಿಸಿ ರಸ್ತೆಗೆ ಕೊಟ್ಟೆ ಎಂದ. ಅಂದರೆ ಒಂದೂವರೆ ತಿಂಗಳಿಂದ ಟನ್ನಣ್ಣನ ಮನೆಗೂ ಒಳಚರಂಡಿ ಇತ್ತು. ಅರ್ಜಿ ಇಲ್ಲದೆ, ಅನುಮತಿ ಇಲ್ಲದೆ, ಒಂದು ಹನಿ ಬೆವರಿಲ್ಲದೆ ಸಿಕ್ಕಿತ್ತು. ಯಾರೂ ದೂರು ಕೊಡದಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಹರಿಯುತ್ತಿತ್ತು.

ಎಂಜಿನಿಯರಮ್ಮ ಫೈಲು ತೆರೆದರು. ದೂರಿನ ಮೂರೂ ಪುಟ ಗಟ್ಟಿಯಾಗಿ ಓದಿದರು. ಮಿತಾಹಾರಿ ಎಂಬಲ್ಲಿ ಅತ್ತೆ ತಲೆಯಾಡಿಸಿದರು. ಶಿಸ್ತಿನ ಸಂಸಾರ ಎಂಬಲ್ಲಿ ಹೆಂಡತಿ ನೀಲಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಯಾವ ಮುಲಾಜೂ ಇಲ್ಲದೆ ಮುಚ್ಚತಕ್ಕದ್ದು ಎಂಬಲ್ಲಿ ಎಂಜಿನಿಯರಮ್ಮ ನಿಲ್ಲಿಸಿ, ದೂರುದಾರರ ಬೇಡಿಕೆ ನಿಯಮಬದ್ಧವಾಗಿದೆ ಎಂದರು. ಪ್ಲಂಬರು ಸಿಮೆಂಟು ಕಲಸಿದ. ಷಡ್ಡಕನದು ತಪ್ಪಿಲ್ಲ, ಅವರ ಸಂಪರ್ಕ ಹಾಗೇ ಇರುತ್ತದೆ. ಗೋಡೆ ಕಡೆಯ ಪೈಪು ಮಾತ್ರ ಮುಚ್ಚಬೇಕು. ಕಾಲು ಗಂಟೆಯ ಕೆಲಸ.

ಹಾಗಾದರೆ ಈ ಒಣ ಗುಂಡಿಗೆ ಪೈಪು ಕೂಡಿಸಿಕೊಳ್ಳುತ್ತೇನೆ ಎಂದ ಟನ್ನಣ್ಣ. ಇಪ್ಪತ್ತೆರಡನೇ ನಿಯಮ ಓದಿಲ್ಲವೇ ಎಂದು ಎಂಜಿನಿಯರಮ್ಮ ಕೇಳಿದರು. ಒಳಚರಂಡಿ ಬಂದ ಬೀದಿಯಲ್ಲಿ ಹೊಸದಾಗಿ ಗುಂಡಿ ಬಳಸುವಂತಿಲ್ಲ. ಮಣ್ಣು ತುಂಬಿಸಿ ಮುಚ್ಚಬೇಕು. ಹೋಗಲಿ, ಕಾಯುವ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಇದೆಯಲ್ಲ ಎಂದ. ಅದು ಮೂವತ್ತೊಂದನೇ ನಿಯಮ. ಅನುಮತಿಯಿಲ್ಲದೆ ಚರಂಡಿ ಬಳಸಿದವರು ಒಂದು ವರ್ಷ ಅರ್ಜಿ ಹಾಕುವಂತಿಲ್ಲ. ಬಳಸಿದ್ದಕ್ಕೆ ಸಾಕ್ಷಿ ಎಲ್ಲಿದೆ ಎಂದು ಅವನು ಕೇಳಬೇಕೆಂದಿದ್ದ. ಅಷ್ಟರಲ್ಲಿ ಆಕೆ ಚೀಟಿಗಳ ಕಟ್ಟನ್ನು ತೋರಿಸಿ, ಇವು ದೂರುದಾರರೇ ಕೊಟ್ಟ ಸಾಕ್ಷಿಯಾದ್ದರಿಂದ ಕಚೇರಿಯಲ್ಲೇ ಇರುತ್ತವೆ ಎಂದರು. ಆಮೇಲೆ ಒಂದು ಹಾಳೆ ಮತ್ತು ಪೆನ್ನು ಚಾಚಿದರು.

"ದೂರುದಾರರು ಇಲ್ಲಿ ಒಂದು ಸಹಿ ಹಾಕಿ. ಚೀಟಿ ಮೇಲೆ ಹಾಕಿದ್ದೀರಲ್ಲ, ಹಾಗೇ ದುಂಡಗೆ."

ಟನ್ನಣ್ಣ ಯಾರ ಮುಖವನ್ನೂ ನೋಡದೆ ಸಹಿ ಹಾಕಿದ. ಅವನ ಹೆಗಲ ಮೇಲೆ ಒಂದು ಕೈ ಬಂತು. ನಾದಿನಿಯದಾಗಿದ್ದರೆ ತಡೆದುಕೊಳ್ಳಬಹುದಿತ್ತು, ಅದು ಷಡ್ಡಕನದು.

"ಬೇಜಾರು ಮಾಡ್ಕೋಬೇಡಿ ಅಣ್ಣ. ಒಂದು ವರ್ಷ ತಾನೇ. ನಮ್ಮನೇಲೇ ಹೋದ್ರಾಯ್ತು."

ಹಿತ್ತಲ ಗೋಡೆಗೆ ಒಂದು ಬಾಗಿಲು ಒಡೆಸಿಬಿಡೋಣ, ರಸ್ತೆ ಸುತ್ತುವುದು ತಪ್ಪುತ್ತದೆ ಎಂದೂ ಷಡ್ಡಕ ಹೇಳಿದ. ನಾದಿನಿ ಬೇಡವೆಂದಳು. ಒಂದು ಸಂಪರ್ಕ ಒಂದು ಸಂಸಾರಕ್ಕೆ ಎಂದು ಭಾವನೇ ಬರೆದಿದ್ದಾರೆ, ಬಾಗಿಲು ಒಡೆದರೆ ಎರಡೂ ಒಂದೇ ಸಂಸಾರ ಆಗಿಬಿಡುತ್ತದೆ ಎಂದಳು. ಎಂಜಿನಿಯರಮ್ಮ ಯೋಚಿಸಿ, ಮನೆಗೆ ಬಂದ ಅತಿಥಿಗಳು ಬಳಸಲು ಯಾವ ನಿಯಮದ ಅಡ್ಡಿಯೂ ಇಲ್ಲ, ಆದರೆ ಅತಿಥಿಗಳು ಮುಂಬಾಗಿಲಿನಿಂದ ಬರಬೇಕಾಗುತ್ತದೆ ಎಂದು ತೀರ್ಪು ಕೊಟ್ಟರು.

ಅಲ್ಲಿ ಹೋಗದಿದ್ದರೂ ನಡೆದೀತೆಂದು ಟನ್ನಣ್ಣ ಮೂರು ದಿನ ನೋಡಿದ. ವೇಬ್ರಿಜ್ಜಿನವರೆಗೆ ಸೈಕಲ್ಲು ತುಳಿದು ಅಲ್ಲಿಯದನ್ನು ಬಳಸಿದ. ನಾಲ್ಕನೇ ದಿನ ಹೊಟ್ಟೆ ಕೆಟ್ಟಿತು, ಸೈಕಲ್ಲಿನವರೆಗೂ ಹೋಗಲಾಗಲಿಲ್ಲ. ಹೆಂಡತಿ ಮಕ್ಕಳು ಮೊದಲ ದಿನದಿಂದಲೇ ಸಂತೋಷವಾಗಿ ಹೋಗುತ್ತಿದ್ದರು.

ಅಂದಿನಿಂದ ದಿನಾ ಬೆಳಗ್ಗೆ ಆರೂವರೆಗೆ ಅವನು ಬಾಗಿಲು ತೆರೆದು, ಸುಣ್ಣದ ಸುತ್ತನ್ನು ದಾಟಿ, ಎಂಟು ಹೆಜ್ಜೆ ನಡೆದು, ಇಪ್ಪತ್ತೊಂದನೇ ಮುಚ್ಚಳದ ಮೇಲೆ ಕಾಲಿಟ್ಟು ಅತಿಥಿಯಾಗುತ್ತಾನೆ. ಎದುರು ಮನೆಯ ಮೇಷ್ಟ್ರು ಪತ್ರಿಕೆ ಮಡಚಿ ನಮಸ್ಕಾರ ಹೇಳುತ್ತಾರೆ. ನಾದಿನಿ ಬನ್ನಿ ಭಾವ ಎನ್ನುತ್ತಾಳೆ. ಏನೂ ಚುಚ್ಚಿ ಮಾತಾಡುವುದಿಲ್ಲ. ಎರಡನೇ ವಾರ ಮಾತ್ರ ಬಿಳಿ ಟೈಲ್ಸಿನ ಬಾಗಿಲ ಪಕ್ಕದಲ್ಲಿ, ನಿಂತು ತೂಕ ನೋಡುವ ಒಂದು ಪುಟ್ಟ ಯಂತ್ರ ತಂದಿಟ್ಟಳು. ಅದು ನೂರು ಗ್ರಾಮಿನವರೆಗೂ ಸರಿಯಾಗಿ ತೋರಿಸುತ್ತದೆ.

ಟನ್ನಣ್ಣ ಕಳೆದುಕೊಂಡದ್ದು ಇಷ್ಟು. ಕಕ್ಕಸು ಒಂದು. ಗುಂಡಿ ಒಂದು, ಮಣ್ಣು ತುಂಬಿದ್ದು. ಚಪ್ಪಡಿ ಒಂದು, ಎತ್ತುವಾಗ ಎರಡು ತುಂಡಾದದ್ದು. ತೂಕದ ಚೀಟಿ ಮೂವತ್ತಾರು. ಕಾಯುವ ಪಟ್ಟಿಯಲ್ಲಿ ಒಂದನೇ ಜಾಗ. ಮುಚ್ಚಳ ಮೊದಲೂ ಇರಲಿಲ್ಲ. ಅದನ್ನು ಇದರಲ್ಲಿ ಸೇರಿಸಿಲ್ಲ.